ಜರ್ಮನಿಯಲ್ಲಿ ಫ್ರೀಲಾನ್ಸ್ ಸಂಗೀತಗಾರರಾಗಿ ನೆಲೆಸುವುದು: ವೀಸಾ, ವಿಮೆ, ತೆರಿಗೆ, ಸಂಭಾವನೆಯ ಸಮಗ್ರ ಮಾರ್ಗದರ್ಶಿ

ಸಂಗೀತವನ್ನೇ ನಂಬಿ ಬದುಕುವವರಿಗೆ ಜರ್ಮನಿಯ ಕಾನೂನು ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ: ಕಲಾವಿದರ ಆರೋಗ್ಯ ವಿಮೆ ಮತ್ತು ಪಿಂಚಣಿ ಕಂತಿನ ಅರ್ಧ ಭಾಗವನ್ನು ಬೇರೆಯವರು ಕಟ್ಟುತ್ತಾರೆ. ಆದರೆ ಆ ಅನುಕೂಲ ಕೈಗೆ ಸಿಗಬೇಕಾದರೆ ಕಾಗದಪತ್ರಗಳು ಸರಿಯಾದ ಕ್ರಮದಲ್ಲಿ ಆಗಬೇಕು. ವಿಳಾಸ ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಇಲ್ಲ, ತೆರಿಗೆ ಸಂಖ್ಯೆ ಇಲ್ಲದೆ ಸರಿಯಾದ ಬಿಲ್ ಇಲ್ಲ, ಬಿಲ್ಲುಗಳಿಲ್ಲದೆ ಕಲಾವಿದರ ವಿಮೆ ಇಲ್ಲ, ಅದಿಲ್ಲದೆ ವೀಸಾ ನವೀಕರಣ ಕಷ್ಟ. ಕೆಳಗಿನ ವಿವರ ಇದೇ ಸರಪಳಿಯ ಕ್ರಮದಲ್ಲಿದೆ. ಮೊತ್ತಗಳು ಬೇರೆ ಹೇಳದಿದ್ದರೆ 2025ರವು. ಇವು ಹೆಚ್ಚುಕಡಿಮೆ ಪ್ರತಿ ಜನವರಿಯಲ್ಲೂ ಬದಲಾಗುತ್ತವೆ.

ಹೊರಡುವ ಮೊದಲು: ವೀಸಾ

ಜರ್ಮನಿಯ ನಿವಾಸ ಕಾಯ್ದೆಯ 21ನೇ ಸೆಕ್ಷನ್ನಿನ 5ನೇ ಉಪವಿಧಿ ಫ್ರೀಲಾನ್ಸ್ ವೃತ್ತಿಯವರಿಗಾಗಿ ಇದೆ. ಕರ್ನಾಟಕದಲ್ಲಿ ವಾಸವಿರುವವರು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಮೂಲಕ ದೀರ್ಘಾವಧಿಯ ಡಿ ವೀಸಾಗೆ ಅರ್ಜಿ ಹಾಕಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳುತ್ತೇನೆ ಎಂಬ ಲೆಕ್ಕ ಭಾರತೀಯ ಪಾಸ್‌ಪೋರ್ಟಿಗೆ ನಡೆಯುವುದಿಲ್ಲ.

ಅರ್ಜಿಯ ಜೀವಾಳ ಎರಡು ಕಾಗದಗಳು. ಮೊದಲನೆಯದು ಕೆಲಸ ಕೊಡಲಿರುವವರ ಪತ್ರ. 'ಇವರು ಬಂದರೆ ನಮಗೆ ಸಂತೋಷ' ಎಂದು ಬರೆದ ಪತ್ರಕ್ಕೆ ಬೆಲೆಯಿಲ್ಲ. ಲೆಟರ್‌ಹೆಡ್ಡಿನಲ್ಲಿ ಯಾವ ಕೆಲಸ, ತಿಂಗಳಿಗೆ ಅಥವಾ ವರ್ಷಕ್ಕೆ ಎಷ್ಟು ಬಾರಿ, ಪ್ರತಿ ಬಾರಿಗೆ ಎಷ್ಟು ಯೂರೋ, ಯಾವಾಗಿನಿಂದ ಎಂಬ ನಾಲ್ಕೂ ಇರಬೇಕು, ಕೆಳಗೆ ಸಹಿ ಇರಬೇಕು. ಇಂಥ ಪತ್ರ ಒಂದಕ್ಕಿಂತ ಹೆಚ್ಚು ಇರಲಿ, ಬೇರೆ ಬೇರೆಯವರಿಂದ ಬಂದಿರಲಿ. ಎಲ್ಲ ಕೆಲಸವೂ ಒಬ್ಬರ ಬಳಿಯೇ ಆದರೆ ಅದು ಫ್ರೀಲಾನ್ಸ್ ಅಲ್ಲ, ಮುಸುಕಿನ ನೌಕರಿ ಎಂಬ ಅನುಮಾನ ಬರುತ್ತದೆ. ಎರಡನೆಯದು ಹಣದ ಯೋಜನೆ: ಮೊದಲ 12 ತಿಂಗಳ ಆದಾಯ, ಬಾಡಿಗೆ, ವಿಮೆ, ಪ್ರಯಾಣ, ಉಳಿತಾಯವನ್ನು ತಿಂಗಳವಾರು ಬರೆದ ಪಟ್ಟಿ. ಸಂಗೀತದ ಕೆಲಸ ಬೇಸಿಗೆ ರಜೆಯಲ್ಲಿ ಮತ್ತು ಜನವರಿಯಲ್ಲಿ ಇಳಿಯುತ್ತದೆ. ಅದನ್ನು ಪಟ್ಟಿಯಲ್ಲೇ ತೋರಿಸಿದರೆ ನೋಡುವ ಅಧಿಕಾರಿಗೆ ನಂಬಿಕೆ ಬರುತ್ತದೆ. 45 ದಾಟಿದವರು ಮುಪ್ಪಿನ ಕಾಲದ ಆದಾಯಕ್ಕೆ ಏನು ಏರ್ಪಾಡಿದೆ ಎಂದೂ ತೋರಿಸಬೇಕು.

ನಿವಾಸ ಪರವಾನಗಿ ಕೈಗೆ ಬಂದಾಗ ಅದರ ಜೊತೆಗಿನ ಹಾಳೆಯನ್ನು ಪೂರ್ತಿ ಓದಿ. ಯಾವ ಕೆಲಸಕ್ಕೆ ಅನುಮತಿ ಎಂದು ಅಲ್ಲಿ ಬರೆದಿರುತ್ತದೆ. ಬರೀ 'ಸಂಗೀತಗಾರ' ಎಂದಿದ್ದರೆ ಪಾಠ ಹೇಳಲು ಅಥವಾ ಅರೆಕಾಲಿಕ ನೌಕರಿಗೆ ತೊಡಕಾಗಬಹುದು. ಆದ್ದರಿಂದ ಅರ್ಜಿಯಲ್ಲೇ 'ವಾದನ, ಸಂಯೋಜನೆ, ಸಂಗೀತ ಬೋಧನೆ' ಎಂದು ಮೂರನ್ನೂ ನಮೂದಿಸಿ.

ವಾದ್ಯ ಸಾಗಿಸುವುದು

ವಾಸ ಬದಲಿಸುವವರ ಸ್ವಂತ ಸಾಮಾನಿಗೆ ಯುರೋಪಿಯನ್ ಒಕ್ಕೂಟದಲ್ಲಿ ಸುಂಕ ವಿನಾಯಿತಿ ಇದೆ. ಷರತ್ತುಗಳು: ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸವಿದ್ದಿರಬೇಕು, ವಸ್ತುವನ್ನು ಕನಿಷ್ಠ 6 ತಿಂಗಳು ಬಳಸಿರಬೇಕು, ತಂದ ಮೇಲೆ 12 ತಿಂಗಳು ಮಾರಬಾರದು. ಹಾಗಾಗಿ ಹೊರಡುವ ಮುನ್ನಾ ವಾರ ಹೊಸ ವೀಣೆ ಕೊಂಡರೆ ಈ ವಿನಾಯಿತಿ ಸಿಗುವುದಿಲ್ಲ. ಕೊಂಡ ರಸೀದಿ, ಫೋಟೊ, ಸೀರಿಯಲ್ ನಂಬರ್ ಇದ್ದರೆ ಅದು, ಎಲ್ಲವೂ ಜೊತೆಗಿರಲಿ.

ಬೀಟೆ ಮರದ ವಾದ್ಯದ ಬಗ್ಗೆ ಹಳೆಯ ಭಯ ಇನ್ನೂ ಉಳಿದಿದೆ. 2017ರಿಂದ ಅದಕ್ಕೆ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪತ್ರ ಬೇಕಾಗುತ್ತಿತ್ತು ನಿಜ. 2019ರ ನವೆಂಬರ್ 26ರಿಂದ ಪೂರ್ತಿ ತಯಾರಾದ ವಾದ್ಯಗಳನ್ನು ಆ ನಿಯಮದಿಂದ ಬಿಟ್ಟಿದ್ದಾರೆ. ಬ್ರೆಜಿಲ್‌ನ ಬೀಟೆ ಮತ್ತು ದಂತಕ್ಕೆ ಮಾತ್ರ ಬಿಗಿ ಹಾಗೆಯೇ ಇದೆ. ಮನೆತನದ ಹಳೆಯ ವೀಣೆಯಲ್ಲಿ ದಂತದ ಕೆತ್ತನೆ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. 100 ವರ್ಷ ದಾಟಿದ ಕಲಾವಸ್ತುವನ್ನು ಭಾರತದಿಂದ ಹೊರಗೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ ಎಂಬುದೂ ನೆನಪಿರಲಿ.

ಇಳಿದ ಮೇಲಿನ ಮೊದಲ ಕೆಲಸ

ಮನೆಗೆ ಹೋದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗಬೇಕು. ಪಾಸ್‌ಪೋರ್ಟ್ ಮತ್ತು 'ಇವರು ಇಲ್ಲಿ ವಾಸವಿದ್ದಾರೆ' ಎಂದು ಮನೆಮಾಲೀಕರು ಸಹಿ ಹಾಕಿದ ಪತ್ರ ಬೇಕು. ಈ ಪತ್ರ ಕೊಡದ ಕೋಣೆಯನ್ನು ಎಷ್ಟೇ ಅಗ್ಗವಾಗಿದ್ದರೂ ಹಿಡಿಯಬೇಡಿ, ಮುಂದಿನ ಎಲ್ಲವೂ ಅಲ್ಲೇ ನಿಂತುಬಿಡುತ್ತದೆ. ಕೆಲವು ವಾರಗಳಲ್ಲಿ 11 ಅಂಕಿಯ ವೈಯಕ್ತಿಕ ತೆರಿಗೆ ಗುರುತು ಅಂಚೆಯಲ್ಲಿ ಬರುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸದಿದ್ದರೆ ಅಂಚೆಯವರು ಪತ್ರ ಹಾಕದೆ ಹಿಂದಕ್ಕೆ ಕಳಿಸುತ್ತಾರೆ. ಹಲವು ವಿಳಂಬಗಳ ಮೂಲ ಈ ಚಿಕ್ಕ ಚೀಟಿ.

ಬ್ಯಾಂಕಿನಲ್ಲಿ ಎರಡು ಖಾತೆ ತೆರೆಯಿರಿ. ಒಂದಕ್ಕೆ ಸಂಭಾವನೆ ಬರಲಿ, ಇನ್ನೊಂದರಿಂದ ಮನೆಖರ್ಚು ನಡೆಯಲಿ.

ತೆರಿಗೆ ಕಚೇರಿಯಲ್ಲಿ ನೋಂದಣಿ

ಸಂಗೀತಗಾರರನ್ನು ಜರ್ಮನ್ ಆದಾಯ ತೆರಿಗೆ ಕಾಯ್ದೆಯ 18ನೇ ಸೆಕ್ಷನ್ 'ಫ್ರೈಬೆರುಫ್ಲರ್', ಸ್ವತಂತ್ರ ವೃತ್ತಿಯವರು ಎಂದು ನೋಡುತ್ತದೆ. ವ್ಯಾಪಾರ ಪರವಾನಗಿ ಬೇಡ, ವ್ಯಾಪಾರ ತೆರಿಗೆಯೂ ಇಲ್ಲ. ಆದರೆ ಟಿ-ಶರ್ಟ್ ಮಾರಿದರೆ, ವಾದ್ಯ ತರಿಸಿ ಮಾರಿದರೆ ಅದು ವ್ಯಾಪಾರ. ಅದಕ್ಕೆ ಬೇರೆ ನೋಂದಣಿ, ಬೇರೆ ಲೆಕ್ಕ.

ಕೆಲಸ ಶುರು ಮಾಡಿದ ಒಂದು ತಿಂಗಳೊಳಗೆ ಎಲ್ಸ್ಟರ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಪ್ರಶ್ನಾವಳಿ ತುಂಬಬೇಕು. ಲಾಗಿನ್‌ಗೆ ಬೇಕಾದ ಕೋಡ್ ಅಂಚೆಯಲ್ಲಿ ಬರುವುದರಿಂದ ಖಾತೆಯನ್ನು ತಿಂಗಳ ಮೊದಲೇ ತೆರೆದಿಡಿ. ಪ್ರಶ್ನಾವಳಿಯಲ್ಲಿ ಎಚ್ಚರ ಬೇಕಾದ ಜಾಗಗಳು ಎರಡು.

ಒಂದು, ನಿರೀಕ್ಷಿತ ಲಾಭ. ಇದನ್ನು ನೋಡಿಯೇ ಮುಂಗಡ ತೆರಿಗೆ ನಿಗದಿಯಾಗುತ್ತದೆ. ಹೆಚ್ಚು ಬರೆದರೆ ಇಲ್ಲದ ಹಣಕ್ಕೆ ತೆರಿಗೆ ಕಟ್ಟುತ್ತೀರಿ. ತೀರಾ ಕಡಿಮೆ ಬರೆದರೆ ಏನಾಗುತ್ತದೆ ಎಂಬುದನ್ನು ಕೆಳಗೆ ಲೆಕ್ಕದೊಂದಿಗೆ ನೋಡೋಣ.

ಎರಡು, ಸಣ್ಣ ಉದ್ಯಮಿ ನಿಯಮ, ಜರ್ಮನ್‌ನಲ್ಲಿ ಕ್ಲೈನ್‌ಉಂಟರ್‌ನೇಮರ್. ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದೆ, ಈ ವರ್ಷದ್ದು 1,00,000 ದಾಟದಿದ್ದರೆ ಮೌಲ್ಯವರ್ಧಿತ ತೆರಿಗೆ ವಸೂಲಿ ಮಾಡಬೇಕಿಲ್ಲ. ಹೊಸಬರಿಗೆ ಇದು ಸುಲಭದ ದಾರಿ. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಬಿಲ್ಲಿನಲ್ಲಿ ಅಭ್ಯಾಸಬಲದಿಂದ 19% ಎಂದು ಬರೆದು ಆಯೋಜಕರಿಗೆ ಕೊಟ್ಟರೆ, ವಸೂಲಿ ಮಾಡಿರಲಿ ಬಿಡಲಿ, ಅಷ್ಟನ್ನೂ ಸರ್ಕಾರಕ್ಕೆ ಕಟ್ಟಬೇಕು. ತಂಡದ ಪರವಾಗಿ 1,200 ಯೂರೋ ಬಿಲ್ ಒಬ್ಬರೇ ಮಾಡಿ ಮೂವರು ಪಕ್ಕವಾದ್ಯದವರಿಗೆ ಹಂಚಿದರೆ ಇಡೀ 1,200 ನಿಮ್ಮ ವಹಿವಾಟು. 25,000 ಮುಟ್ಟಲು ಹೆಚ್ಚು ಕಾಲ ಬೇಡ. ಪ್ರತಿಯೊಬ್ಬರೂ ಆಯೋಜಕರಿಗೆ ತಮ್ಮ ತಮ್ಮ ಬಿಲ್ ಕೊಡುವುದೇ ಸರಿ. ಮೂರನೆಯದು ಯಾರ ಕಣ್ಣಿಗೂ ಬೀಳದ್ದು: ಐರ್ಲೆಂಡಿನಂಥ ಬೇರೆ ದೇಶದ ಕಂಪನಿಯಿಂದ ಜಾಹೀರಾತು, ಸಾಫ್ಟ್‌ವೇರ್ ಚಂದಾ ಕೊಂಡಾಗ ಬಿಲ್ಲಿನಲ್ಲಿ ತೆರಿಗೆ ಇಲ್ಲದಿದ್ದರೆ, ಆ 19% ಅನ್ನು ಸಣ್ಣ ಉದ್ಯಮಿಯಾದ ನೀವೇ ಕಟ್ಟಬೇಕು.

ಕಲಾವಿದರ ವಿಮಾ ನಿಧಿ: ಕೆಎಸ್‌ಕೆ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಕ್ಯುನ್ಸ್ಟ್ಲರ್‌ಸೋಜಿಯಾಲ್‌ಕಾಸ್ಸೆ, ಎಲ್ಲರ ಬಾಯಲ್ಲಿ ಕೆಎಸ್‌ಕೆ, ವಿಲ್ಹೆಲ್ಮ್ಸ್‌ಹಾಫೆನ್ ಊರಿನಲ್ಲಿದೆ. 1981ರ ಕಾಯ್ದೆ 1983ರ ಜನವರಿಯಿಂದ ಜಾರಿಯಲ್ಲಿದೆ. ನೌಕರರಿಗೆ ಮಾಲೀಕ ಅರ್ಧ ಕಂತು ಕಟ್ಟುವಂತೆ ಇಲ್ಲಿ ಕಲಾವಿದ ಅರ್ಧ ಕಟ್ಟುತ್ತಾನೆ. ಉಳಿದ ಅರ್ಧದಲ್ಲಿ, ಒಟ್ಟು ಕಂತಿನ 30% ಪಾಲು ಕಲಾವಿದರಿಂದ ಕೆಲಸ ಪಡೆಯುವ ಸಂಸ್ಥೆಗಳ ಸೆಸ್‌ನಿಂದ, 20% ಪಾಲು ಕೇಂದ್ರ ಸರ್ಕಾರದಿಂದ ಬರುತ್ತದೆ.

ವರ್ಷಕ್ಕೆ 15,000 ಯೂರೋ ಲಾಭವಿರುವ, ಮಕ್ಕಳಿಲ್ಲದ ಒಬ್ಬರ ಲೆಕ್ಕ ನೋಡಿ. ಪಿಂಚಣಿ 9.3%, ಅಂದರೆ 1,395. ಆರೋಗ್ಯ ವಿಮೆ 7.3%, ಜೊತೆಗೆ ಹೆಚ್ಚುವರಿ ಕಂತಿನ ಅರ್ಧ ಸರಾಸರಿ 1.25%, ಒಟ್ಟು 1,282.50. ಆರೈಕೆ ವಿಮೆ (ಮುಪ್ಪು, ಕಾಯಿಲೆಯಲ್ಲಿ ದೀರ್ಘಕಾಲದ ಆರೈಕೆಗಾಗಿ) 1.8% ಮತ್ತು ಮಕ್ಕಳಿಲ್ಲದವರ ಮೇಲಿನ 0.6% ಸೇರಿ 360. ಎಲ್ಲ ಕೂಡಿಸಿದರೆ 3,037.50, ತಿಂಗಳಿಗೆ ಸುಮಾರು 253 ಯೂರೋ. ಕೆಎಸ್‌ಕೆ ಇಲ್ಲದೆ ಇದೇ ರಕ್ಷಣೆಗೆ ಹೆಚ್ಚುಕಡಿಮೆ ಎರಡರಷ್ಟು ತೆರಬೇಕು.

ದುಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ. ಭಾರತದಿಂದ ನೇರ ಬಂದ ಫ್ರೀಲಾನ್ಸರ್‌ಗೆ ಶಾಸನಬದ್ಧ ಆರೋಗ್ಯ ವಿಮೆಗೆ ತಾನಾಗಿ ಸೇರುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ, ಪ್ರಯಾಣ ವಿಮೆಯಂಥ ಖಾಸಗಿ ಪಾಲಿಸಿಯೇ ಗತಿ. ಕೆಎಸ್‌ಕೆ ಸದಸ್ಯರಾದರೆ ಶಾಸನಬದ್ಧ ವಿಮೆ ಕಡ್ಡಾಯವಾಗುತ್ತದೆ, ಅಂದರೆ ನಿಮಗೂ ಸೀಟು ಸಿಕ್ಕಂತೆ. ಈ ಹಂತದಲ್ಲಿ ಖಾಸಗಿ ವಿಮೆಯ ಏಜೆಂಟರು 'ಕೆಎಸ್‌ಕೆಯ ಆರೋಗ್ಯ ವಿಮೆಯಿಂದ ವಿನಾಯಿತಿ ಪಡೆಯಿರಿ, ಅಗ್ಗವಾಗುತ್ತದೆ' ಎಂದು ಕಾಗದ ಮುಂದಿಡುತ್ತಾರೆ. ಸಹಿ ಹಾಕಬೇಡಿ. ಪ್ರಾರಂಭಿಕ ಅವಧಿ ಕಳೆದ ಮೇಲೆ ಆ ವಿನಾಯಿತಿಯನ್ನು ಹಿಂಪಡೆಯಲು ಆಗುವುದಿಲ್ಲ, ವಯಸ್ಸಾದಂತೆ ಖಾಸಗಿ ಕಂತು ಏರುತ್ತಲೇ ಹೋಗುತ್ತದೆ.

ಅರ್ಹತೆಗೆ ಸಂಗೀತದಿಂದ ವರ್ಷಕ್ಕೆ 3,900 ಯೂರೋಗಿಂತ ಹೆಚ್ಚು ಲಾಭ ಬೇಕು. ಇದು ಖರ್ಚು ಕಳೆದು ಉಳಿದದ್ದು. ವೃತ್ತಿಯ ಮೊದಲ ಮೂರು ವರ್ಷ ಈ ಮಿತಿ ಅನ್ವಯಿಸದು, ನಂತರವೂ ಆರು ವರ್ಷದಲ್ಲಿ ಎರಡು ಬಾರಿ ಕೆಳಗಿಳಿದರೆ ತೊಂದರೆಯಿಲ್ಲ. ಸಂಗೀತ ಪಾಠವೂ ಲೆಕ್ಕಕ್ಕೆ ಬರುತ್ತದೆ.

ಅರ್ಜಿಯ ಜೊತೆ ಬೇಕಾದದ್ದು: ಬಿಲ್ಲುಗಳು, ಅವುಗಳ ಹಣ ಬಂದ ಬ್ಯಾಂಕ್ ಪುಟಗಳು, ಒಪ್ಪಂದಗಳು, ಹೆಸರಿರುವ ಕರಪತ್ರ ಅಥವಾ ಕಾರ್ಯಕ್ರಮ ಪಟ್ಟಿ, ಕಲಿಕೆಯ ಪ್ರಮಾಣಪತ್ರ. ಗುರುಕುಲ ಪದ್ಧತಿಯಲ್ಲಿ ಕಲಿತು ಪದವಿ ಇಲ್ಲದವರು ಗುರುಗಳ ಪತ್ರ ಮತ್ತು ಹಳೆಯ ಕಾರ್ಯಕ್ರಮಗಳ ದಾಖಲೆಯನ್ನು ಜರ್ಮನ್ ಅನುವಾದದೊಂದಿಗೆ ಲಗತ್ತಿಸಬೇಕು. ಕೆಲಸಕ್ಕೆ ಹಣ ಬರುತ್ತಿದೆ ಎಂಬುದಕ್ಕೆ ಪುರಾವೆ ಬೇಕಾಗಿರುವುದರಿಂದ ಮೊದಲ ಕೆಲವು ಬಿಲ್ಲುಗಳ ಹಣ ಖಾತೆಗೆ ಬಂದ ಕೂಡಲೇ ಅರ್ಜಿ ಹಾಕಿ. ನಗದಾಗಿ ಪಡೆದ ಸಂಭಾವನೆ ಇಲ್ಲಿ ಕೈಕೊಡುತ್ತದೆ.

ನಿರ್ಧಾರಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಆದರೆ ವಿಮೆ ಲೆಕ್ಕವಾಗುವುದು ನಿಮ್ಮ ಅರ್ಜಿ ತಲುಪಿದ ದಿನದಿಂದ. ಒಪ್ಪಿಗೆ ಬಂದಾಗ ಅಷ್ಟೂ ತಿಂಗಳ ಬಾಕಿ ಒಟ್ಟಿಗೆ ಕೇಳುತ್ತಾರೆ. ಮೇಲಿನ ಲೆಕ್ಕದಲ್ಲಿ ಆರು ತಿಂಗಳಾದರೆ 1,500 ಯೂರೋ ದಾಟುತ್ತದೆ. ಕಾಯುವ ಪ್ರತಿ ತಿಂಗಳೂ ಅಷ್ಟನ್ನು ಬದಿಗಿಡಿ, ಅದುವರೆಗಿನ ವಿಮೆಯನ್ನು ಮಾತ್ರ ನಿಲ್ಲಿಸಬೇಡಿ.

ಮುಂದಿನ ವರ್ಷದ ಅಂದಾಜು ಲಾಭವನ್ನು ಪ್ರತಿ ಡಿಸೆಂಬರ್ 1ರೊಳಗೆ ಕೆಎಸ್‌ಕೆಗೆ ತಿಳಿಸಬೇಕು. ನಡುವೆ ಆದಾಯ ಕುಸಿದರೆ ತಿದ್ದಬಹುದು, ಆದರೆ ತಿದ್ದುಪಡಿ ಮುಂದಿನ ತಿಂಗಳುಗಳಿಗೆ ಮಾತ್ರ. ಕಂತು ಉಳಿಸಲು ಪ್ರತಿ ವರ್ಷ ಕಡಿಮೆ ಬರೆಯುವವರು ಸ್ಯಾಂಪಲ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ, ತೆರಿಗೆ ಆದೇಶಗಳನ್ನು ತರಿಸಿ ಹೋಲಿಸುತ್ತಾರೆ.

ಕೆಎಸ್‌ಕೆ ಏನು ಕೊಡುವುದಿಲ್ಲ ಎಂಬುದೂ ಗೊತ್ತಿರಲಿ. ನಿರುದ್ಯೋಗ ವಿಮೆ ಇಲ್ಲ, ಅಪಘಾತ ವಿಮೆ ಇಲ್ಲ. ಕಾಯಿಲೆ ಬಿದ್ದಾಗಿನ ಭತ್ಯೆ ಶುರುವಾಗುವುದು 7ನೇ ವಾರದಿಂದ. ಬೆರಳಿಗೆ ಪೆಟ್ಟಾದ ಪಿಟೀಲುವಾದಕರಿಗೆ ಮೊದಲ ಆರು ವಾರ ಒಂದು ಯೂರೋ ಕೂಡ ಬರದು. ಮೊದಲೇ ಶುರುವಾಗುವ ಐಚ್ಛಿಕ ಯೋಜನೆಯ ಬಗ್ಗೆ ನಿಮ್ಮ ಆರೋಗ್ಯ ವಿಮಾ ಸಂಸ್ಥೆಯನ್ನು ಕೇಳಿ, ಇಲ್ಲವಾದರೆ ಎರಡು ತಿಂಗಳ ಖರ್ಚು ಕೈಯಲ್ಲಿರಲಿ.

ಸಂಭಾವನೆ, ಒಪ್ಪಂದ, ಬಿಲ್

ಒಪ್ಪಂದ ಒಂದು ಪುಟ ಸಾಕು. ಸಂಭಾವನೆ ತೆರಿಗೆ ಸೇರಿಯೋ ಹೊರತೋ, ಪ್ರಯಾಣ ಮತ್ತು ವಸತಿ ಯಾರದು, ಧ್ವನಿವ್ಯವಸ್ಥೆ ಯಾರದು, ರೆಕಾರ್ಡಿಂಗ್ ಮಾಡಿದರೆ ಏನು, ಯಾವ ದಿನದೊಳಗೆ ಹಣ, ಕಾರ್ಯಕ್ರಮ ರದ್ದಾದರೆ ಎಷ್ಟು ಪಾಲು. ಕೊನೆಯದನ್ನು ದಿನಗಳ ಲೆಕ್ಕದಲ್ಲಿ ಬರೆಯಿರಿ, ಉದಾಹರಣೆಗೆ 30 ದಿನದೊಳಗೆ ರದ್ದಾದರೆ ಅರ್ಧ, 7 ದಿನದೊಳಗಾದರೆ ಪೂರ್ತಿ.

ಬಿಲ್ಲಿನಲ್ಲಿ ಎರಡೂ ಕಡೆಯ ಪೂರ್ಣ ಹೆಸರು ವಿಳಾಸ, ತೆರಿಗೆ ಕಚೇರಿ ಕೊಟ್ಟ ಸಂಖ್ಯೆ, ದಿನಾಂಕ, ಕ್ರಮಸಂಖ್ಯೆ, ಕೆಲಸದ ವಿವರ, ಕಾರ್ಯಕ್ರಮ ನಡೆದ ದಿನ, ಮೊತ್ತ, ಮತ್ತು ಮೌಲ್ಯವರ್ಧಿತ ತೆರಿಗೆ ಕಾಯ್ದೆಯ 19ನೇ ಸೆಕ್ಷನ್ (ಸಣ್ಣ ಉದ್ಯಮಿ ನಿಯಮ) ಪ್ರಕಾರ ತೆರಿಗೆ ವಸೂಲಿ ಮಾಡಿಲ್ಲ ಎಂಬ ಸಾಲು ಇರಬೇಕು. ಇಲ್ಲಿ ಹಾಕುವುದು ಎಲ್ಸ್ಟರ್ ಅರ್ಜಿಯ ನಂತರ ಬಂದ ಸಂಖ್ಯೆ. 11 ಅಂಕಿಯ ವೈಯಕ್ತಿಕ ಗುರುತನ್ನು ಯಾರಿಗೂ ಬಿಲ್ಲಿನಲ್ಲಿ ಕೊಡಬೇಡಿ. ಬಿಲ್ ಮತ್ತು ರಸೀದಿಗಳನ್ನು 8 ವರ್ಷ ಇಟ್ಟುಕೊಳ್ಳಬೇಕು.

ಸಂಸ್ಥೆಯೊಂದು ಬಿಲ್ ತಲುಪಿ 30 ದಿನವಾದರೂ ಕೊಡದಿದ್ದರೆ ತಾನಾಗಿ ಬಾಕಿದಾರನಾಗುತ್ತದೆ, 40 ಯೂರೋ ನಿಗದಿತ ದಂಡ ಮತ್ತು ಬಡ್ಡಿ ಕೇಳಬಹುದು. ಮೊದಲು ವಿನಯದ ಒಂದು ಜ್ಞಾಪನೆ, ಆಮೇಲೆ ದಿನಾಂಕ ಹಾಕಿದ ಪತ್ರ, ಆಮೇಲೆ ನ್ಯಾಯಾಲಯದ ಆನ್‌ಲೈನ್ ಪಾವತಿ ಆದೇಶ. ಬಾಕಿ ಕೇಳುವ ಹಕ್ಕು ಆ ವರ್ಷ ಮುಗಿದ ಮೇಲೆ ಮೂರು ವರ್ಷ ಇರುತ್ತದೆ.

ಸಂಗೀತ ಶಾಲೆಯಲ್ಲಿ ಗಂಟೆ ಲೆಕ್ಕದ ಪಾಠ ಒಪ್ಪುವ ಮೊದಲು 2022ರ ಜೂನ್ 28ರ ಹೆರೆನ್‌ಬೆರ್ಗ್ ತೀರ್ಪಿನ ಬಗ್ಗೆ ತಿಳಿದಿರಿ. ಶಾಲೆಯ ವೇಳಾಪಟ್ಟಿ, ಕೋಣೆ, ಪಠ್ಯಕ್ರಮಕ್ಕೆ ಪೂರ್ತಿ ಒಳಪಟ್ಟ ಶಿಕ್ಷಕಿ ಫ್ರೀಲಾನ್ಸರ್ ಅಲ್ಲ, ನೌಕರಳು ಎಂದು ಕೇಂದ್ರ ಸಾಮಾಜಿಕ ನ್ಯಾಯಾಲಯ ಹೇಳಿತು. ಅಲ್ಲಿಂದೀಚೆಗೆ ಹಲವು ಶಾಲೆಗಳು ನೌಕರಿ ಒಪ್ಪಂದವನ್ನೇ ಕೊಡುತ್ತಿವೆ. ಅದು ಒಳ್ಳೆಯದೇ, ಆದರೆ ನಿಮ್ಮ ಪರವಾನಗಿ ನೌಕರಿಗೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ನೋಡಿ, ಕೆಎಸ್‌ಕೆಗೂ ತಿಳಿಸಿ.

ವರ್ಷದ ತೆರಿಗೆ

2025ರಲ್ಲಿ 12,096 ಯೂರೋವರೆಗಿನ ತೆರಿಗೆಗೊಳಪಡುವ ಆದಾಯಕ್ಕೆ ತೆರಿಗೆ ಇಲ್ಲ, 2026ರಲ್ಲಿ ಈ ಮಿತಿ 12,348. ವಿಮೆಯ ಕಂತು ಕಳೆಯುವುದರಿಂದ 15,000 ಲಾಭವಿರುವ ಒಂಟಿ ವ್ಯಕ್ತಿಗೆ ತೆರಿಗೆ ಬಹುತೇಕ ಸೊನ್ನೆ. 30,000 ಲಾಭವಾದರೆ ಸುಮಾರು 2,650.

ಹೊಸಬರು ಮುಗ್ಗರಿಸುವುದು ಎರಡನೇ ವರ್ಷದಲ್ಲಿ. ಮೊದಲ ವರ್ಷ ಕಡಿಮೆ ಅಂದಾಜು ಬರೆದು ಮುಂಗಡ ತೆರಿಗೆ ಕಟ್ಟಿರುವುದಿಲ್ಲ. ಮರುವರ್ಷ ಜುಲೈ 31ರೊಳಗೆ ಲೆಕ್ಕ ಸಲ್ಲಿಸುತ್ತಾರೆ. ಆಗ ಹಿಂದಿನ ವರ್ಷದ 2,650 ಬಾಕಿಯ ಜೊತೆ ನಡೆಯುತ್ತಿರುವ ವರ್ಷದ ಮುಂಗಡವೂ ಹೇರಿಕೆಯಾಗಿ, ಡಿಸೆಂಬರ್ 10ರೊಳಗೆ 5,300 ಯೂರೋ ಕಟ್ಟಬೇಕಾದ ಸ್ಥಿತಿ ಬರಬಹುದು. ನಂತರ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 10ರ ಕಂತುಗಳು ನಡೆಯುತ್ತವೆ. ಬಂದ ಪ್ರತಿ ಸಂಭಾವನೆಯಲ್ಲಿ 30% ಅನ್ನು ಅಂದೇ ತೆಗೆದಿಡುವುದು ಇದಕ್ಕೆ ಮದ್ದು. ಆದಾಯ ನಿಜವಾಗಿ ಇಳಿದಿದ್ದರೆ ಮುಂಗಡ ಕಡಿಮೆ ಮಾಡಿ ಎಂದು ಎಲ್ಸ್ಟರ್‌ನಲ್ಲೇ ಕೇಳಬಹುದು.

ಕಳೆಯಬಹುದಾದ ಖರ್ಚು: ತೆರಿಗೆ ಬಿಟ್ಟು 800 ಯೂರೋವರೆಗಿನ ಉಪಕರಣ ಅದೇ ವರ್ಷ ಪೂರ್ತಿ, ಅದಕ್ಕಿಂತ ಬೆಲೆಬಾಳುವ ವಾದ್ಯ ಸವಕಳಿಯಾಗಿ ಹಲವು ವರ್ಷಗಳಲ್ಲಿ. ಸ್ವಂತ ಕಾರಿಗೆ ಕಿಲೋಮೀಟರಿಗೆ 0.30 ಯೂರೋ. ಊಟದ ರಸೀದಿ ಬೇಕಿಲ್ಲ: ಮನೆಯಿಂದ 8 ಗಂಟೆಗಿಂತ ಹೆಚ್ಚು ದೂರವಿದ್ದ ದಿನಕ್ಕೆ 14, ಪೂರ್ತಿ 24 ಗಂಟೆಗೆ 28. ತಂತಿ, ರಿಪೇರಿ, ಸ್ಟುಡಿಯೋ ಬಾಡಿಗೆ, ವೃತ್ತಿ ವಿಮೆ ಎಲ್ಲವೂ ಸೇರುತ್ತವೆ. ವೇದಿಕೆಯಲ್ಲಿ ಉಟ್ಟ ರೇಷ್ಮೆ ಸೀರೆ, ಜುಬ್ಬಾ ಹೊರಗೂ ಧರಿಸಬಹುದಾದ್ದರಿಂದ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಗಡಿಯಾಚೆಯ ಕಾರ್ಯಕ್ರಮ

ತೆರಿಗೆ ಒಪ್ಪಂದಗಳ ಸಾಮಾನ್ಯ ನಿಯಮದಂತೆ ಕಲಾವಿದನ ಆದಾಯಕ್ಕೆ ಕಾರ್ಯಕ್ರಮ ನಡೆದ ದೇಶ ತೆರಿಗೆ ಹಾಕಬಹುದು. ಬೇರೆ ದೇಶದ ಆಯೋಜಕರು ಮೂಲದಲ್ಲೇ ಕಡಿತ ಮಾಡಿದರೆ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದಿಲ್ಲದೆ ಜರ್ಮನಿಯಲ್ಲಿ ಅದನ್ನು ಹೊಂದಿಸಿಕೊಳ್ಳಲು ಆಗದು. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಹಾಡಿದ್ದಕ್ಕೂ ಇದೇ ಮಾತು: ಟಿಡಿಎಸ್ ಪತ್ರ ಜೋಪಾನವಾಗಿರಲಿ, ಆ ಆದಾಯವನ್ನು ಜರ್ಮನಿಯ ಲೆಕ್ಕದಲ್ಲೂ ತೋರಿಸಿ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವುದು ಕಡ್ಡಾಯ.

ಊರಿನಿಂದ ಕಲಾವಿದರನ್ನು ನೀವೇ ಕರೆಸುವುದಾದರೆ, ಪ್ರತಿ ಕಾರ್ಯಕ್ರಮಕ್ಕೆ 250 ಯೂರೋ ಮೀರಿದ ಸಂಭಾವನೆಯಲ್ಲಿ 15.825% ಕಡಿದು ಕಟ್ಟುವ ಹೊಣೆ ಹಣ ಕೊಡುವವರದು.

ಗೇಮಾ ಮತ್ತು ಜಿವಿಎಲ್

ಇವೆರಡೂ ಸಂಗೀತ ಬಳಸಿದವರಿಂದ ಹಕ್ಕಿನ ಹಣ ವಸೂಲಿ ಮಾಡಿ ಹಂಚುವ ಸಂಸ್ಥೆಗಳು. ಗೇಮಾ ಸಂಯೋಜಕರು, ಸಾಹಿತ್ಯ ಬರೆದವರಿಗೆ; ಜಿವಿಎಲ್ ರೆಕಾರ್ಡಿಂಗ್‌ನಲ್ಲಿ ಹಾಡಿದ ನುಡಿಸಿದವರಿಗೆ. ಎರಡೂ ಬೇರೆ ಹಕ್ಕು, ಎರಡಕ್ಕೂ ಸೇರಬಹುದು, ಜಿವಿಎಲ್‌ಗೆ ಶುಲ್ಕವಿಲ್ಲ. ಪುರಂದರದಾಸರು, ತ್ಯಾಗರಾಜರ ಕೃತಿಗಳಿಗೆ ಹಕ್ಕುಸ್ವಾಮ್ಯ ಇಲ್ಲ. ರಚನಕಾರ ತೀರಿ 70 ವರ್ಷ ದಾಟಿದರೆ ಅದು ಮುಕ್ತ. ಆದರೂ ಆಯೋಜಕರು ಹಾಡುಗಳ ಪಟ್ಟಿ ಕೊಡಲೇಬೇಕು, ಕೊಡದಿದ್ದರೆ ಹಕ್ಕಿರುವ ಸಂಗೀತವೇ ನಡೆಯಿತು ಎಂದು ಊಹಿಸಿ ಗೇಮಾ ಬಿಲ್ ಕಳಿಸುತ್ತದೆ. ರಾಗ, ರಚನಕಾರ, ಅವರ ಕಾಲ ಬರೆದ ಪಟ್ಟಿಯನ್ನು ನೀವೇ ತಯಾರಿಸಿ ಕೊಟ್ಟರೆ ಆಯೋಜಕರಿಗೆ ಹಣ ಉಳಿಯುತ್ತದೆ.

ಮನೆಯಲ್ಲಿ ಸಾಧನೆ, ವಾದ್ಯದ ವಿಮೆ

2018ರ ಅಕ್ಟೋಬರ್ 26ರಂದು ಕೇಂದ್ರ ನ್ಯಾಯಾಲಯ ಟ್ರಂಪೆಟ್ ವಾದಕರೊಬ್ಬರ ಪ್ರಕರಣದಲ್ಲಿ ದಾರಿ ತೋರಿದೆ: ಮನೆಯಲ್ಲಿ ನುಡಿಸುವುದನ್ನು ಪೂರ್ತಿ ನಿಷೇಧಿಸುವಂತಿಲ್ಲ, ವಾರದ ದಿನ 2ರಿಂದ 3 ಗಂಟೆ, ಭಾನುವಾರ ಮತ್ತು ರಜಾದಿನ 1ರಿಂದ 2 ಗಂಟೆ ಸ್ಥೂಲ ಅಳತೆ. ರಾತ್ರಿ 10ರಿಂದ ಬೆಳಿಗ್ಗೆ 6 ಮತ್ತು ಮಧ್ಯಾಹ್ನದ ವಿಶ್ರಾಂತಿ ಹೊತ್ತು ಬೇಡ. ಇದು ಅಳತೆಗೋಲು ಮಾತ್ರ, ಬಾಡಿಗೆ ಕರಾರಿನ ಸಾಲನ್ನೂ ಓದಿ. ಮೃದಂಗ, ಡ್ರಮ್ಸ್‌ಗೆ ಬೇರೆ ಅಭ್ಯಾಸದ ಕೋಣೆಯೇ ಬೇಕಾಗುತ್ತದೆ.

ಮನೆ ಸಾಮಾನಿನ ವಿಮೆ ವೃತ್ತಿಯ ವಾದ್ಯಕ್ಕೆ ಸಾಮಾನ್ಯವಾಗಿ ಅನ್ವಯಿಸದು. ವಾದ್ಯ ವಿಮೆ ಕೊಳ್ಳುವಾಗ ರಾತ್ರಿ ಕಾರಿನಲ್ಲಿ ಬಿಟ್ಟ ವಾದ್ಯಕ್ಕೆ ಪರಿಹಾರ ಉಂಟೇ, ವಿಮಾನದ ಸರಕಿನಲ್ಲಿ ಒಡೆದರೆ ಉಂಟೇ, ಕೊಡುವುದು ಹೊಸ ಬೆಲೆಯೋ ಸವೆದ ಬೆಲೆಯೋ ಎಂಬ ಮೂರನ್ನು ಬರಹದಲ್ಲಿ ಕೇಳಿ. ಭಾರತದ ವಾದ್ಯಕ್ಕೆ ಅಲ್ಲಿನ ಮಾರುಕಟ್ಟೆ ಬೆಲೆ ಸಿಗುವುದು ಕಷ್ಟ, ತಯಾರಕರ ಬೆಲೆಪತ್ರ ತರಿಸಿಟ್ಟುಕೊಳ್ಳಿ.

ಪರವಾನಗಿ ನವೀಕರಣ

ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಸಮಯ ಕಾಯ್ದಿರಿಸಿ. ಕೇಳುವುದು: ತೆರಿಗೆ ಆದೇಶ, ಈ ವರ್ಷದ ಇದುವರೆಗಿನ ಲಾಭನಷ್ಟದ ಪಟ್ಟಿ, ಬ್ಯಾಂಕ್ ಪುಟಗಳು, ಬಾಡಿಗೆ ಕರಾರು, ವಿಮೆಯ ಪತ್ರ, ಮುಂದಿನ ತಿಂಗಳುಗಳ ಒಪ್ಪಂದಗಳು. ಐದು ವರ್ಷದ ನಂತರದ ಶಾಶ್ವತ ನಿವಾಸಕ್ಕೆ 60 ತಿಂಗಳ ಪಿಂಚಣಿ ಕಂತು ಬೇಕು. ಕೆಎಸ್‌ಕೆ ಮೂಲಕ ಕಟ್ಟಿದ ತಿಂಗಳುಗಳು ಅದರಲ್ಲಿ ಸೇರುತ್ತವೆ, ಆದ್ದರಿಂದ ಪಿಂಚಣಿ ನಿಧಿಯಿಂದ ವರ್ಷಕ್ಕೊಮ್ಮೆ ಕಂತುಗಳ ಪಟ್ಟಿ ತರಿಸಿ, ಬಿಟ್ಟುಹೋದ ತಿಂಗಳಿದ್ದರೆ ಆಗಲೇ ಸರಿಪಡಿಸಿಕೊಳ್ಳಿ.